ರಾತ್ರಿ ಎರಡಕ್ಕೆ ಫೋನ್ ಎತ್ತುವವರು

ನಾನು ಒಂದು ಮಧ್ಯಮ ಗಾತ್ರದ ಜಲಾಶಯದಲ್ಲಿ ಸಹಾಯಕ ಎಂಜಿನಿಯರ್. 2024ರ ಆಗಸ್ಟ್ 11, ಭಾನುವಾರ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ನಮ್ಮ ಗ್ರೂಪಿನಲ್ಲಿ ಒಂದೇ ಸುದ್ದಿ. ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟೇ ಕೊಚ್ಚಿಹೋಗಿತ್ತು.

ಅಲ್ಲಿರುವುದು 33 ಗೇಟು. ಹೋಗಿದ್ದು ಒಂದೇ. ಆದರೆ ಅದೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ ಹರಿಯುತ್ತಿತ್ತು. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಅಂದರೆ ದಿನಕ್ಕೆ ಮೂರು ಟಿಎಂಸಿ! ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಮೊದಲ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ಅಡ್ಡ ತಡೆ) ಇಳಿಸಿದ್ದು 16ನೇ ತಾರೀಕು. ಆ ಸ್ಟಾಪ್‌ಲಾಗನ್ನೂ ಹೊಸದಾಗಿ ಮಾಡಿಸಬೇಕಾಗಿತ್ತು.

ಮುಂದಿನ ವಾರ ನಮ್ಮ ಇಇ (ಕಾರ್ಯಪಾಲಕ ಎಂಜಿನಿಯರ್) ಸಾಹೇಬರು ಬಂದರು. "ನಮ್ಮದೊಂದು ಗೇಟ್ ಹೋದರೆ?" ಎಂದು ಕೇಳಿದರು. ನಾನು ಧೈರ್ಯವಾಗಿ ತುರ್ತು ಕ್ರಿಯಾ ಯೋಜನೆಯ ಪುಸ್ತಕ ಮುಂದಿಟ್ಟೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಬಂದ ಮೇಲೆ ಐದು ವರ್ಷದೊಳಗೆ ಇದು ಆಗಲೇಬೇಕು. ನಮ್ಮದು ಬೇಗನೇ ಆಗಿತ್ತು. ಸ್ಪೈರಲ್ ಬೈಂಡಿಂಗ್, ಬಣ್ಣದ ಮುಳುಗಡೆ ನಕ್ಷೆ, ಎಲ್ಲಾ ಇತ್ತು.

"ಅದನ್ನ ಮುಚ್ಚಿಡ್ರೀ. ಇವತ್ತು ರಾತ್ರಿ ಮಾಡಿ ನೋಡೋಣ" ಎಂದರು.

ನಮ್ಮಲ್ಲಿ ನೀರು ಇನ್ನೂ ಗೇಟಿನ ಮಟ್ಟಕ್ಕೆ ಬಂದಿರಲಿಲ್ಲ. ಹಾಗಾಗಿ ಎತ್ತಿ ನೋಡಲು ಭಯವಿರಲಿಲ್ಲ. ರಾತ್ರಿ ಎರಡಕ್ಕೆ ನಾವೇ ಕರೆಂಟ್ ತೆಗೆದೆವು. ಜನರೇಟರ್ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಪ್ರತಿ ಸೋಮವಾರ ಪರೀಕ್ಷೆ ಮಾಡಿ 'ಸರಿಯಿದೆ' ಎಂದು ರಿಜಿಸ್ಟರಿನಲ್ಲಿ ಬರೆದಿತ್ತು. ಕೆಳಗೆ ಸಹಿ ನನ್ನದೇ. ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಸ್ಟೋರಿನಲ್ಲಿ. ಸ್ಟೋರಿನ ಬೀಗದ ಕೈ ಯಾರ ಹತ್ತಿರ ಎಂದು ತಿಳಿಯಲು ಇಪ್ಪತ್ತು ನಿಮಿಷ. ಆಮೇಲೆ ನಾಲ್ಕು ಜನ ಸರದಿಯಲ್ಲಿ ತಿರುಗಿಸಿದರು. ಗೇಟ್ ಒಂದು ಅಡಿ ಏಳಲು ಮುಕ್ಕಾಲು ಗಂಟೆ ಹಿಡಿಯಿತು. ಬೆವರು ಒರೆಸಿಕೊಳ್ಳುತ್ತಾ ಸಾಹೇಬರ ಮುಖ ನೋಡಲು ನನಗೆ ಆಗಲಿಲ್ಲ.

ಇವೆಲ್ಲ ದುಡ್ಡಿನಿಂದ, ಗ್ರೀಸಿನಿಂದ ಸರಿಹೋಗುವಂಥವು. ನಿಜವಾಗಿ ಕೆಟ್ಟಿದ್ದು, ಅಪಾಯ ಬಂದಾಗ ಸುದ್ದಿ ಮುಟ್ಟಿಸಬೇಕಾದವರ ಫೋನ್ ಪಟ್ಟಿ. 27 ನಂಬರಿಗೆ ಮಾಡಿದೆವು. ಎತ್ತಿದವರು ಒಂಬತ್ತು ಜನ. ಪಟ್ಟಿಯಲ್ಲಿದ್ದ ತಹಶೀಲ್ದಾರರು ಯಾವಾಗಲೋ ವರ್ಗವಾಗಿದ್ದರು. ಪಿಡಿಒ ಒಬ್ಬರ ನಂಬರಿಗೆ ಯಾರೋ ಅಜ್ಜಿ ಎತ್ತಿ, ನಿದ್ದೆ ಕೆಡಿಸಿದ್ದಕ್ಕೆ ಚೆನ್ನಾಗಿ ಬೈದರು. ನಗು ಬಂತು, ನಿಜ. ಆದರೆ 1979ರಲ್ಲಿ, ಅದೇ ಆಗಸ್ಟ್ 11ರಂದು, ಗುಜರಾತಿನ ಮಚ್ಛು-2 ಡ್ಯಾಮ್ ಒಡೆದಾಗ ಮೋರ್ಬಿ ಊರಿಗೆ ಸುದ್ದಿಗಿಂತ ಮೊದಲು ನೀರೇ ಬಂದಿತ್ತು.

ಮಾರನೇ ದಿನ ನಮ್ಮ ಸೌಡಿಯನ್ನು (ನೀರು ಬಿಡುವ ಕೆಲಸ ನೋಡಿಕೊಳ್ಳುವ ಕೆಳಹಂತದ ನೌಕರ) ಕರೆದುಕೊಂಡು ಹೊಳೆ ದಂಡೆಯಲ್ಲಿ ಕೆಳಗೆ ನಡೆದೆ. ಏಳು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು. ಮೇಲಿನಿಂದ ನೋಡಿದರೆ ಬರೀ ಹೊಳೆ. ಕೆಳಗೆ ಇಳಿದರೆ ಎಷ್ಟು ಜನ! ದಂಡೆಗೆ ಪಂಪ್‌ಸೆಟ್ ಇಟ್ಟ ರೈತರು, ತೆಪ್ಪದಲ್ಲಿ ಮೀನು ಹಿಡಿಯುವವರು, ಮರಳ ದಿಬ್ಬದ ಮೇಲೆ ಮಂದೆ ನಿಲ್ಲಿಸಿದ ಕುರಿಗಾಹಿಗಳು. ಇವರಲ್ಲಿ ಒಬ್ಬರೂ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಸ್ವಲ್ಪ ಮುಂದೆ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಜಾಕ್‌ವೆಲ್, ಅಂದರೆ ಹೊಳೆಯಿಂದ ನೀರೆತ್ತುವ ಬಾವಿ. ಅಲ್ಲಿನ ನೀರಗಂಟಿಗೆ ಅರವತ್ತರ ಆಸುಪಾಸು. "ನಾವು ನೀರು ಬಿಡೋದು ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ.

"ಹೊಳೆ ಬಣ್ಣ ತಿರುಗಿದ್ರೆ ಮೋಟರ್ ಆಫ್ ಮಾಡ್ತೀನಿ ಸಾರ್. ನೀವು ಯಾವತ್ತು ಹೇಳಿದ್ದೀರಿ?"

ಒಮ್ಮೆ ರಾತ್ರಿ ಬಣ್ಣ ಕಾಣಲಿಲ್ಲವಂತೆ. ಕಸಕಡ್ಡಿ ಬಂದು ಜಾಲರಿ ಕಟ್ಟಿತು, ಪ್ಯಾನೆಲ್ ಬೋರ್ಡಿಗೆ ನೀರು ನುಗ್ಗಿತು. ಹೊಳೆ ತುಂಬಾ ನೀರು, ಊರಿನ ನಲ್ಲಿಯಲ್ಲಿ ಎಂಟು ದಿನ ಹನಿಯೂ ಇಲ್ಲ. ನೀರು ಬಿಟ್ಟ ನಮ್ಮ ಕಚೇರಿಗೆ ಇದು ಗೊತ್ತೇ ಇರಲಿಲ್ಲ. ನಮಗೆ ಕ್ಯೂಸೆಕ್ ಗೊತ್ತು, ಅಷ್ಟೇ.

ಈಗ ಪಟ್ಟಿಗೆ ಇನ್ನೊಂದು ಹಾಳೆ ಸೇರಿದೆ. ಹುದ್ದೆ ಬರೆದಿಲ್ಲ, ಹೆಸರು ಬರೆದಿದ್ದೇವೆ. ಪ್ರತಿ ಊರಿಗೆ ಮೂರು ಜನ. ಹಾಲಿನ ಡೇರಿಯ ಕಾರ್ಯದರ್ಶಿ ಕಡ್ಡಾಯ, ಅವರು ಹೇಗೂ ನಾಲ್ಕಕ್ಕೇ ಎದ್ದಿರುತ್ತಾರೆ. ಸೇತುವೆ ಪಕ್ಕದ ಚಹಾ ಅಂಗಡಿಯವರೂ ಇದ್ದಾರೆ. ಆಡಿಟ್‌ನವರು ಇದು ಯಾವ ನಮೂನೆ ಎಂದು ಕೇಳಿದರೆ ಉತ್ತರ ನನ್ನ ಬಳಿ ಇಲ್ಲ. ಕುರಿಯವರಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಇವತ್ತು ಇಲ್ಲಿ, ನಾಳೆ ಇನ್ಯಾರದೋ ಹೊಲದಲ್ಲಿ. ಸದ್ಯಕ್ಕೆ ಸೌಡಿ ಬೈಕಿನಲ್ಲಿ ಹೋಗಿ ಕೂಗಿ ಬರುತ್ತಾರೆ. ಸೈರನ್ನೂ ಇದೆ, ಆದರೆ ಗಾಳಿ ಆ ಕಡೆ ಬೀಸಿದರೆ ಎರಡನೇ ಊರಿಗೇ ಕೇಳಿಸಲ್ಲ.

ಈ ಸಲ ಮಳೆಗಾಲಕ್ಕೆ ಮುಂಚೆ ಮತ್ತೆ ರಾತ್ರಿ ಎರಡಕ್ಕೆ ಫೋನ್ ಮಾಡಿದೆವು. ನೀರಗಂಟಿ ಎರಡನೇ ರಿಂಗಿಗೆ ಎತ್ತಿದರು. "ಎಷ್ಟು ಬಿಡ್ತೀರಿ ಸಾರ್?" ಎಂದರು. ಇಲ್ಲ, ಇದು ಡ್ರಿಲ್ ಎಂದೆ.

"ಮೊದಲೇ ಹೇಳಬಾರದಾ? ನಿಮ್ಮ ನಂಬರ್ ನೋಡಿ ಮೋಟರ್ ಆಫ್ ಮಾಡಿಬಿಟ್ಟೆ" ಎಂದು ಗೊಣಗಿ ಫೋನ್ ಇಟ್ಟರು.