ಒಂದು ವರ್ಷ, ಒಂದು ಕಲ್ಲು

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಶುರು ಮಾಡಿ ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ತರಗತಿ, ಮಧ್ಯಾಹ್ನದ ಮೇಲೆ ಲೈಬ್ರರಿಯಲ್ಲಿ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ದಪ್ಪ ಸಂಪುಟಗಳು, ರಾತ್ರಿ ಉತ್ತರಪತ್ರಿಕೆ. ವೀರಗಲ್ಲುಗಳ ಮೇಲಿನ ಸಂಶೋಧನೆಯಲ್ಲಿ ಬರೆದು ಮುಗಿಸಿದ್ದು ಎರಡೇ ಅಧ್ಯಾಯ.

ಆದರೆ ಒಂದು ದಿನ ಮರೆಯಲಾರೆ. ಮಂಡ್ಯ ಜಿಲ್ಲೆಯ ಆತಕೂರು ಶಾಸನ ಓದಿಸುತ್ತಿದ್ದೆ, ಸುಮಾರು ಕ್ರಿ.ಶ. 949ರದ್ದು. ದೊರೆ ಮೆಚ್ಚಿ ಏನು ಬೇಕು ಕೇಳು ಅಂದರೆ, ಗಂಗರ ಬೂತುಗನ ಬಂಟ ಮಣಲೆರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಒಟ್ಟಿಗೇ ಸತ್ತವು. ಅದಕ್ಕೇ ಈ ಕಲ್ಲು. ಜೊತೆಗೆ ಭೂಮಿ ದಾನ ಬೇರೆ! ಓದಿ ಮುಗಿಸಿದಾಗ ಕ್ಲಾಸು ಪೂರ್ತಿ ಸುಮ್ಮನಾಗಿತ್ತು. ವರ್ಷವಿಡೀ ಬಾಯಿ ಬಿಡದ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, 'ಮೇಡಂ, ನಮ್ಮನೆ ನಾಯೀನ ತೋಟದಲ್ಲೇ ಮಣ್ಣು ಮಾಡಿದ್ವಿ, ಅಪ್ಪ ಒಂದು ಕಲ್ಲು ಇಟ್ಟಿದ್ದಾರೆ' ಅಂದ. ನನಗೆ ಗಂಟಲು ಕಟ್ಟಿತು. ಸಾವಿರ ವರ್ಷ ಏನೂ ದೂರ ಅಲ್ಲ ಅನಿಸಿತು, ಅಲ್ವಾ?

ಕಾಳಿಯ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ರಜೆ ಮುಗಿದ ಮೇಲೆ ಎಲ್ಲರನ್ನೂ ಕರೆದುಕೊಂಡು ಹೋಗಬೇಕು.