ಗ್ಯಾಲರಿಯೊಳಗೊಂದು ಕಾರಿಡಾರ್: ಪ್ರದರ್ಶನದ ಕೆಲಸ ಎಲ್ಲಿಗೆ ಬಂತು

ಲೇಔಟ್ ಕೊನೆಗೂ ಒಂದು ಹದಕ್ಕೆ ಬಂದಿದೆ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು ಕ್ಯಾಂಪಸ್ ಬಗ್ಗೆ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಮಾಡಿದ ಡ್ರಾಯಿಂಗ್, ಫೋಟೊ, ಮಾಡೆಲ್‌ಗಳ ಪ್ರದರ್ಶನ ಇದು. ಎಲ್ಲವನ್ನೂ ಗೋಡೆಗೆ ಸಾಲಾಗಿ ನೇತುಹಾಕುವ ಯೋಚನೆ ಮೊದಲಿತ್ತು. ಅದನ್ನು ಕೈಬಿಟ್ಟೆವು.

ಆರ್ಕಿಟೆಕ್ಟ್ ಬಿ.ವಿ. ದೋಶಿ ಈ ಕ್ಯಾಂಪಸ್ ರೂಪಿಸುವಾಗ ಅವರ ಮನಸ್ಸಿನಲ್ಲಿದ್ದದ್ದು ಫತೇಪುರ್ ಸಿಕ್ರಿ. ಉದ್ದುದ್ದ ಕಾರಿಡಾರ್, ಒಂದು ಕಡೆ ತೆರೆದ ಆಕಾಶ, ಇನ್ನೊಂದು ಕಡೆ ಪರ್ಗೋಲಾ (ಅಂತರ ಬಿಟ್ಟು ತೊಲೆ ಜೋಡಿಸಿದ ಚಪ್ಪರ), ಪಕ್ಕದಲ್ಲೇ ಅಂಗಳ. ನಡೆದಾಡುತ್ತಾ ನೋಡಬೇಕಾದ ಜಾಗ. ಅದನ್ನು ಫ್ರೇಮು ಹಾಕಿ ತೋರಿಸಿದರೆ ಏನು ತಿಳಿಯುತ್ತೆ?

ಹಾಗಾಗಿ ಹಾಲ್ ಮಧ್ಯೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಾರ್ಟಿಷನ್ ನಿಲ್ಲಿಸಿ ಒಂದು ಕಾರಿಡಾರ್ ಮಾಡುತ್ತಿದ್ದೇವೆ. ಮೇಲೆ ಅಂತರ ಬಿಟ್ಟು ಮರದ ರೀಪರ್, ಅಂದರೆ ಸಣ್ಣ ಪಟ್ಟಿಗಳು. ಅದರ ಮೇಲಿಂದ ಲೈಟ್ ಬಿಟ್ಟರೆ ನೆಲದ ತುಂಬಾ ಪಟ್ಟೆ ಪಟ್ಟೆ ನೆರಳು. ಆದರೆ ಅದೇ ನೆರಳು ಡ್ರಾಯಿಂಗ್ ಮೇಲೆ ಬಿದ್ದರೆ ಗೆರೆ ಯಾವುದು, ನೆರಳು ಯಾವುದು ಗೊತ್ತಾಗಲ್ಲ. ಪ್ಲಾನ್, ಕಟ್ಟಡ ಸೀಳಿ ತೋರಿಸುವ ಸೆಕ್ಷನ್‌ಗಳೆಲ್ಲ ರೀಪರ್ ಇಲ್ಲದ ತಿರುವುಗಳಿಗೆ ಹೋದವು.

ಜಾಸ್ತಿ ಚರ್ಚೆ ಆಗಿದ್ದು ಈ ಕ್ಯಾಂಪಸ್ ಬ್ರೂಟಲಿಸ್ಟ್ (ಕಾಂಕ್ರೀಟನ್ನು ಮುಚ್ಚದೆ ಒರಟಾಗಿಯೇ ತೋರಿಸುವ ಶೈಲಿ) ಹೌದೋ ಅಲ್ಲವೋ ಅಂತ. ಗೋಡೆ ಪೂರ್ತಿ ಒರಟು ಗ್ರಾನೈಟ್ ಅಲ್ವಾ, ಕಾಂಕ್ರೀಟ್ ಎಲ್ಲಿದೆ ಅಂತ ಒಬ್ಬ ಹುಡುಗನ ವಾದ. ನನ್ನ ಪ್ರಕಾರ ಕಾಂಕ್ರೀಟ್ ಎಷ್ಟಿದೆ ಅನ್ನೋದು ದೊಡ್ಡ ಮಾತಲ್ಲ. ಕಲ್ಲಿಗೆ ಪ್ಲಾಸ್ಟರ್ ಇಲ್ಲ, ತೊಲೆಗೆ ಬಣ್ಣ ಇಲ್ಲ, ಯಾವುದು ಯಾವುದನ್ನು ಹೊತ್ತಿದೆ ಅಂತ ಕಣ್ಣಿಗೇ ಕಾಣುತ್ತೆ. ದೋಶಿ 1950ರ ದಶಕದಲ್ಲಿ ಬರೀ ಕಾಂಕ್ರೀಟಿನ ಕಟ್ಟಡಗಳಿಗೆ ಹೆಸರಾದ ಆರ್ಕಿಟೆಕ್ಟ್ ಲ ಕಾರ್ಬುಸಿಯೆ ಜೊತೆ ಕೆಲಸ ಮಾಡಿದವರು. ಆ ಗುಣ ಇಲ್ಲೂ ಇದೆ, ಬೆಂಗಳೂರಿನ ಹವೆಗೆ ಒಗ್ಗಿಕೊಂಡಿದೆ ಅಷ್ಟೆ. ವಾದ ಮುಗಿದಿಲ್ಲ. ಹೋಲಿಸಿ ನೋಡಲಿ ಅಂತ ಆರ್ಕಿಟೆಕ್ಟ್ ಅಚ್ಯುತ ಕಾನ್ವಿಂದೆ ರೂಪಿಸಿದ ಐಐಟಿ ಕಾನ್ಪುರಕ್ಕೂ ಒಂದು ಪ್ಯಾನೆಲ್ ಕೊಟ್ಟೆವು. ಅಲ್ಲಿ ಕಾಂಕ್ರೀಟ್ ಫ್ರೇಮು, ನಡುವೆ ಇಟ್ಟಿಗೆ.

ಫೋಟೊ ಆರಿಸುವಾಗ ನಾನು ಸ್ವಲ್ಪ ನಿಷ್ಠುರ. ಮನುಷ್ಯರೇ ಇಲ್ಲದ, ಕಪ್ಪುಬಿಳುಪಿನ, ಸುಮ್ನೆ ಹೆದರಿಸುವಂಥ ಫೋಟೊಗಳನ್ನೆಲ್ಲ ತೆಗೆದುಹಾಕಿದೆ. ಆ ಕ್ಯಾಂಪಸ್‌ನಲ್ಲಿ ಕಲ್ಲಿನಷ್ಟೇ ಬಳ್ಳಿಯೂ ಇದೆ. ಹಸಿರು ಕಾಣದಿದ್ದರೆ ಅದು ಬೇರೆ ಯಾವುದೋ ಊರು.

ನನಗೆ ತುಂಬಾ ಇಷ್ಟವಾದದ್ದು ಇಬ್ಬರು ಹುಡುಗಿಯರ ಕೆಲಸ. ಹಲಗೆಯ ಶಟರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಮಾಡಿ ಕಾಂಕ್ರೀಟ್ ಬಿಲ್ಲೆಗಳನ್ನು ಎರಕ ಹೊಯ್ದಿದ್ದಾರೆ. ಮರದ ಎಳೆ ಹಾಗೇ ಅಚ್ಚಾಗಿದೆ. ಎದುರಿನಿಂದ ಲೈಟ್ ಬಿಟ್ಟರೆ ಬರೀ ಬೂದು ಚೌಕ. ಗೋಡೆಗೆ ಒತ್ತಿದಂತೆ ಪಕ್ಕದಿಂದ ಬಿಟ್ಟಾಗ ಎಳೆ ಎಳೆಯೂ ಎದ್ದಿತು. ಪಕ್ಕದಲ್ಲಿ ‘ದಯವಿಟ್ಟು ಮುಟ್ಟಿ’ ಅಂತ ಬೋರ್ಡ್ ಹಾಕುತ್ತೇವೆ.

ಕ್ಯಾಪ್ಷನ್ ಕನ್ನಡದಲ್ಲಿ ಮೊದಲು, ಇಂಗ್ಲಿಷ್ ಕೆಳಗೆ. ಪ್ರಿಂಟಿಗೆ ಹೋಗಿದೆ. ಬಾಕಿ ಇರುವುದು ವೈರಿಂಗ್. ಎಲೆಕ್ಟ್ರಿಷಿಯನ್ ಶನಿವಾರ ಬರುತ್ತಾರಂತೆ. ಅವರು ಟ್ರ್ಯಾಕ್ ಲೈಟ್ ಕೂರಿಸಿದ ಮೇಲೆ ರೀಪರ್‌ಗಳ ಅಂತರ ಪಕ್ಕಾ ಮಾಡಬೇಕು. ಅಲ್ಲಿಯವರೆಗೆ ಮೊಳೆ ಹೊಡೆಯಬೇಡಿ ಅಂತ ಕಾರ್ಪೆಂಟರ್‌ಗೆ ಹೇಳಿಟ್ಟಿದ್ದೇನೆ.