ಪ್ರಶ್ನೆ ಕೇಳದವರ ಕೈಗೆ ಮನೆ ಬೀಗದಕೈ ಕೊಡಬೇಡಿ

ದಸರಾ, ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರಿನಲ್ಲಿ, ಮನೆಯವರು ಊರಿಗೆ ಹೋದಾಗ ಅವರ ನಾಯಿ, ಬೆಕ್ಕು ನೋಡಿಕೊಳ್ಳುವ ಪೆಟ್ ಸಿಟ್ಟರ್‌ಗಳ ಫೋನಿಗೆ ಬಿಡುವಿಲ್ಲ. ಕರೆ ಮಾಡಿದವರ ಮೊದಲ ಪ್ರಶ್ನೆ 'ದಿನಕ್ಕೆ ಎಷ್ಟು?', ಎರಡನೆಯದು 'ನಿಮಗೆ ನಾಯಿ ಅಂದ್ರೆ ಇಷ್ಟ ತಾನೆ?' ಇಷ್ಟ ಇಲ್ಲ ಅಂತ ಯಾರು ಹೇಳ್ತಾರೆ? ಈ ಕೆಲಸದಲ್ಲಿರುವ ನಾವು ಹೊಸಬರನ್ನು ಅಳೆಯುವುದು ಅವರು ಮಾಲೀಕರನ್ನು ಏನು ಕೇಳುತ್ತಾರೆ ಅನ್ನುವುದರಿಂದ. ರೇಬೀಸ್ ಲಸಿಕೆಯ ಕಾರ್ಡು ಎಲ್ಲಿ, ಉಣ್ಣಿಗೆ ಔಷಧಿ ಕೊಟ್ಟು ಎಷ್ಟು ದಿನ ಆಯ್ತು, ಬಟ್ಟಲು ಮುಟ್ಟಿದರೆ ಗುರ್ ಅನ್ನುತ್ತಾ, ಯಾರನ್ನಾದರೂ ಕಚ್ಚಿದೆಯಾ, ಪಟಾಕಿಗೆ ಹೆದರಿದರೆ ಎಲ್ಲಿ ಹೋಗಿ ಅಡಗುತ್ತೆ? ಇದಾವುದನ್ನೂ ಕೇಳದೆ 'ನೋಡ್ಕೋತೀನಿ ಬಿಡಿ ಸರ್' ಅಂದವರನ್ನು ಅಲ್ಲಿಗೇ ಬಿಡಿ. ಕೇಳಿದವರಿಗೆ ನಿಜ ಹೇಳಿ. 'ಕಚ್ಚಲ್ಲ, ಸುಮ್ನೆ ಹೆದರಿಸುತ್ತೆ' ಅನ್ನುವ ಮಾತಿನ ಹಿಂದೆ ಒಂದಾದರೂ ಕಚ್ಚಿದ ಗುರುತು ಇರುತ್ತದೆ.

ಮನೆಕೆಲಸದವರಿಗೆ ಈ ಹೊಣೆ ಹೊರಿಸುವ ರೂಢಿ ಬಹಳ ಮನೆಗಳಲ್ಲಿದೆ. ಅವರಿಗೆ ನಾಯಿ ಕಂಡರೆ ಭಯವಿದ್ದರೂ ಅಮ್ಮನಿಗೆ ಇಲ್ಲ ಅನ್ನಲಾಗದೆ 'ಹ್ಞೂಂ' ಅಂದಿರುತ್ತಾರೆ. ಆಮೇಲೆ ಬಾಗಿಲ ಸಂದಿಯಿಂದ ಬಟ್ಟಲು ತಳ್ಳಿ ಹೋದರೆ ತಪ್ಪು ಅವರದ್ದಲ್ಲ.

ಪ್ರಯಾಣಕ್ಕೆ ಎರಡು ವಾರ ಮೊದಲೇ ಸಿಟ್ಟರ್ ಪರೀಕ್ಷೆ ನಡೆಯಲಿ. ಮೊದಲ ಸಲ ನೀವಿದ್ದಾಗ ಬರಲಿ. ಎರಡನೇ ಸಲ ನೀವು 3–4 ಗಂಟೆ ಹೊರಗಿರಿ. ಪಳಗಿದ ಕೈ ಒಳಗೆ ಬಂದ ಕೂಡಲೇ ನಾಯಿಯ ತಲೆಗೆ ಹೋಗುವುದಿಲ್ಲ. ಪಕ್ಕಕ್ಕೆ ತಿರುಗಿ ಕೂತು, ಅದೇ ಬಂದು ಮೂಸಲಿ ಎಂದು ಕಾಯುತ್ತದೆ.

ನೋಡಲೇಬೇಕಾದದ್ದು ಬಾಗಿಲ ಬಳಿಯ ಅರ್ಧ ನಿಮಿಷ. ಎಷ್ಟೋ ನಾಯಿಗಳು ಕಳೆದುಹೋಗುವುದು ಅಲ್ಲೇ. ಲಿಫ್ಟಿನ ಸದ್ದಿಗೋ ಪಟಾಕಿಗೋ ಬೆದರಿದ ನಾಯಿ ನಾಲ್ಕೂ ಕಾಲು ಊರಿ, ತಲೆ ತಗ್ಗಿಸಿ ಹಿಂದಕ್ಕೆ ಜಗ್ಗುತ್ತದೆ. ಸಿಟ್ಟರ್ ಮುಂದಕ್ಕೆ ಎಳೆಯುತ್ತಾರೆ. ಕುತ್ತಿಗೆಯ ಪಟ್ಟಿ ಕಿವಿ ದಾಟಿ ಕಳಚಿ ಕೈಯಲ್ಲಿ ಉಳಿಯುತ್ತದೆ, ನಾಯಿ ಮೆಟ್ಟಿಲಿಳಿದು ರಸ್ತೆಯಲ್ಲಿ. ತಲೆಯಷ್ಟೇ ದಪ್ಪ ಕುತ್ತಿಗೆಯ ನಾಯಿಗಳಲ್ಲಿ ಇದು ಇನ್ನೂ ಸುಲಭ. ಪಟ್ಟಿಯ ಕೆಳಗೆ ಎರಡು ಬೆರಳು ಮಾತ್ರ ಹೋಗಬೇಕು. ಎದೆಗೆ ಸುತ್ತುವ ಹಾರ್ನೆಸ್ ಒಂದು, ಪಟ್ಟಿ ಒಂದು, ಎರಡಕ್ಕೂ ಹಗ್ಗದ ಕೊಕ್ಕೆ ಸಿಕ್ಕಿಸಿದ ಮೇಲೆ ಬಾಗಿಲು ತೆರೆಯಬೇಕು. ಜಗ್ಗಿದಾಗ ಎಳೆಯದೆ ನಾಯಿಯ ಕಡೆಗೇ ಎರಡು ಹೆಜ್ಜೆ ಹೋದರೆ ಹಗ್ಗ ಸಡಿಲವಾಗುತ್ತದೆ, ಪಟ್ಟಿ ಕಳಚುವುದಿಲ್ಲ. ಪರೀಕ್ಷೆಯ ದಿನ ಸಿಟ್ಟರ್ ಇದನ್ನು ಮಾಡಿ ತೋರಿಸಲಿ. ದೀಪಾವಳಿಯ ದಿನಗಳಲ್ಲಿ ಸಂಜೆಯ ವಾಕಿಂಗ್ ಕತ್ತಲಾಗುವ ಮೊದಲೇ ಮುಗಿಯಬೇಕು.

ಊಟಕ್ಕೆ 'ಒಂದು ಲೋಟ' ಅಂತ ಚೀಟಿ ಬರೆದಿಟ್ಟು ಹೋಗುತ್ತಾರೆ. ಅಡುಗೆಮನೆಯಲ್ಲಿ ಐದು ಅಳತೆಯ ಲೋಟಗಳಿರುತ್ತವೆ! ಗ್ರಾಂ ಲೆಕ್ಕದಲ್ಲಿ ತೂಗಿ, ದಿನಕ್ಕೊಂದು ಪೊಟ್ಟಣ ಮಾಡಿ, 3 ದಿನದ್ದು ಹೆಚ್ಚಿಗೆ ಇಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ನಾಯಿಗೆ ವಿಷ ಎಂದು ಫ್ರಿಜ್ ಮೇಲೆ ಬರೆದು ಅಂಟಿಸಿ. ಹಬ್ಬದ ಮನೆಯಲ್ಲಿ ಪಾಯಸದ ದ್ರಾಕ್ಷಿಯೇ ಮೊದಲು ಸಿಗುವುದು.

ಬೆಕ್ಕಿನ ವಿಷಯವೇ ಬೇರೆ. ಅದನ್ನು ಬೋರ್ಡಿಂಗಿಗೆ ಒಯ್ಯುವುದಕ್ಕಿಂತ ಮನೆಯಲ್ಲೇ ಬಿಟ್ಟು ದಿನಕ್ಕೆ ಎರಡು ಬಾರಿ ಯಾರಾದರೂ ಬಂದು ಹೋಗುವುದು ಮೇಲು. 24 ಗಂಟೆ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಲೇಬೇಕು. ದಪ್ಪ ಬೆಕ್ಕು ಕೆಲವೇ ದಿನ ಉಪವಾಸವಿದ್ದರೂ ಯಕೃತ್ತಿನಲ್ಲಿ ಕೊಬ್ಬು ಕಟ್ಟಿಕೊಳ್ಳಬಹುದು. ಗಂಡು ಬೆಕ್ಕು ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ಮೂತ್ರ ಬಾರದೆ ಎದ್ದರೆ ನಾಳೆಗೆ ಕಾಯುವಂತಿಲ್ಲ, ಆಗಲೇ ಆಸ್ಪತ್ರೆ. ಆದ್ದರಿಂದ ತಟ್ಟೆಯಲ್ಲಿ ದಿನಕ್ಕೆ ಮೂತ್ರ ಸೇರಿ ಗಟ್ಟಿಯಾದ ಮರಳಿನ ಉಂಡೆ ಎಷ್ಟು ಸಿಕ್ಕಿತು ಎಂಬ ಲೆಕ್ಕ ಬರೆದಿಡಬೇಕು. ಜ್ವರ ಅನ್ನಿಸಿತೆಂದು ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಉಣ್ಣಿ ಔಷಧಿಯೂ ಅಷ್ಟೇ ಅಪಾಯ.

ನಾಯಿ ಮಂಕಾಗಿ, ಊಟ ಬಿಟ್ಟು, ವಸಡು ಬಿಳಿಚಿಕೊಂಡರೆ ಉಣ್ಣಿ ಕಚ್ಚಿ ಬರುವ ಟಿಕ್ ಫೀವರ್ ಇರಬಹುದು. 'ನಿಮ್ಮನ್ನು ನೆನೆಸ್ಕೊಂಡು ಬೇಜಾರಾಗಿದೆ' ಎಂದು ದಿನ ತಳ್ಳುವುದು ಇಲ್ಲಿ ಸಾಮಾನ್ಯ ತಪ್ಪು. ನಿಮ್ಮ ವೈದ್ಯರಿಗೆ ಮೊದಲೇ ಒಂದು ಪತ್ರ ಕೊಟ್ಟಿರಿ: ಇಂಥವರು ಕರೆತರುತ್ತಾರೆ, ಇಷ್ಟು ರೂಪಾಯಿವರೆಗೆ ಕೇಳದೆ ಚಿಕಿತ್ಸೆ ಕೊಡಿ, ಅರಿವಳಿಕೆ ಬೇಕಾದರೆ ಈ ನಂಬರಿಗೆ ಕರೆ ಮಾಡಿ. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದೂ ಅದೇ ಹಾಳೆಯಲ್ಲಿರಲಿ.

ದಿನಾ ಬರುವ ಸೆಲ್ಫಿಗೆ ಮರುಳಾಗಬೇಡಿ. ಊಟಕ್ಕೆ ಮುಂಚಿನ ಬಟ್ಟಲು, ಊಟದ ನಂತರದ ಬಟ್ಟಲು, ಪ್ರಾಣಿ ನಡೆದಾಡುವ ಹತ್ತು ಸೆಕೆಂಡಿನ ವಿಡಿಯೊ, ಇಷ್ಟು ಸಾಕು. ಮನೆಯಲ್ಲಿ ಕ್ಯಾಮೆರಾ ಇದ್ದರೆ ಮುಂಚೆಯೇ ಹೇಳಿ, ಸಿಟ್ಟರ್ ಮಲಗುವ ಕೋಣೆಯಲ್ಲಿ ಬೇಡ.

ಅಪಾರ್ಟ್‌ಮೆಂಟಿನ ಗೇಟ್ ಆ್ಯಪ್‌ನಲ್ಲಿ ಅಷ್ಟೂ ದಿನಕ್ಕೆ ಒಟ್ಟಿಗೆ ಅನುಮತಿ ಹಾಕಿಡಿ. ಇಲ್ಲದಿದ್ದರೆ ನೀವು ವಿಮಾನದಲ್ಲಿದ್ದಾಗ ಸಿಟ್ಟರ್ ಸೆಕ್ಯುರಿಟಿ ಮುಂದೆ ನಿಂತಿರುತ್ತಾರೆ. ಗಾಳಿಗೆ ಬಡಿದುಕೊಳ್ಳುವ ಬಾತ್‌ರೂಮ್ ಬಾಗಿಲಿಗೆ ಅಡ್ಡಲಾಗಿ ಇಟ್ಟಿಗೆಯನ್ನಾದರೂ ಇಡಿ. ಒಳಗೆ ಸಿಕ್ಕಿಕೊಂಡ ಬೆಕ್ಕಿಗೆ ಮರಳಿನ ತಟ್ಟೆಯಿದ್ದರೂ ನೀರಿಲ್ಲ.

'ರಾತ್ರಿ ಬಂದುಬಿಡ್ತೀವಿ, ಇವತ್ತು ಬರೋದು ಬೇಡ' ಅಂತ ನೀವು ಸಿಟ್ಟರ್ ಬಳಿ ಅಂದ ದಿನವೇ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಬಹುದು. ಒಂದು ದಿನದ ಹಣ ಹೆಚ್ಚಿಗೆ ಕೊಟ್ಟು, ನೀವು ಬಾಗಿಲು ತೆರೆದು ಫೋಟೊ ಕಳಿಸುವವರೆಗೆ ಕೆಲಸ ಅವರದ್ದೇ ಎಂದು ಮಾತಾಡಿಕೊಳ್ಳಿ. ಬೀಗದಕೈ ವಾಪಸ್ ಕೇಳುವುದು ಅದಾದ ಮೇಲೆ.